ಮೂರು ನಕ್ಷತ್ರ ಕಾಣುವವರೆಗೆ

ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗೆ ಮನೆಯಲ್ಲಿ ಯಾರೂ ಫೋನು ಮುಟ್ಟಬಾರದು ಎಂಬ ಕಾನೂನು ತಂದವನು ನಾನು. ಅದನ್ನು ಮೊದಲು ಮುರಿದವನೂ ನಾನೇ. ನಡುವೆ ಕಳೆದದ್ದು ನಲವತ್ತು ನಿಮಿಷ. ಅಡಕೆ ಧಾರಣೆ ಏನಾಯಿತೋ ಎಂಬ ಚಿಂತೆ ಮನುಷ್ಯನನ್ನು ದೇವರಿಂದ ಬಹಳ ದೂರ ಒಯ್ಯುತ್ತದೆ.

ನಾನು ಯೆಹೂದಿಯಲ್ಲ. ಹೊನ್ನಾವರ ತಾಲೂಕಿನ ಶರಾವತಿ ದಂಡೆಯ ಹವ್ಯಕ. ಒಂದೂವರೆ ಎಕರೆ ತೋಟ, ಒಂದು ದನ, ಒಬ್ಬಳೇ ಹೆಂಡತಿ, ಎಂಬತ್ತೇಳರ ಆಯಿ, ಮತ್ತು ನಿವೃತ್ತಿ. ನಿವೃತ್ತರಾದ ಗಂಡಸರಿಗೆ ಎರಡು ಕಾಯಿಲೆ ಅಂಟಿಕೊಳ್ಳುತ್ತವೆ: ಒಂದು ಸಕ್ಕರೆ, ಇನ್ನೊಂದು ಬದುಕಿನ ಅರ್ಥ ಹುಡುಕುವುದು. ಸಕ್ಕರೆಗೆ ಮಾತ್ರೆ ಇದೆ. ಎರಡನೆಯದಕ್ಕೆ ನಾನು ಕುಮಟೆಗೆ ಹೋಗಿಬರುತ್ತಿದ್ದೆ, ಪ್ರತಿ ಭಾನುವಾರ, ಬಸ್ಸಿನಲ್ಲಿ. ಅಲ್ಲಿ ನಮ್ಮಂಥ ಹನ್ನೊಂದು ಜನ ಸೇರಿ ಗೀತೆ ಓದುತ್ತಿದ್ದೆವು. ಒಬ್ಬರು ಓದುವುದು, ಹತ್ತು ಜನ ತಲೆಯಾಡಿಸುವುದು, ಕೊನೆಗೆ ಎಲ್ಲರೂ ‘ಅದ್ಭುತ’ ಅನ್ನುವುದು. ಮೂರು ತಿಂಗಳಾದರೂ ಅರ್ಜುನನ ವಿಷಾದ ಮುಗಿಯಲಿಲ್ಲ. ಚಹಾದ ದುಡ್ಡು ಯಾರು ಕೊಡಬೇಕೆಂಬ ಜಗಳದಲ್ಲಿ ಬಳಗ ಒಡೆಯಿತು. ಆ ಮೂರು ತಿಂಗಳಲ್ಲಿ ನಡೆದ ಒಂದೇ ಒಂದು ನಿಜವಾದ ಚರ್ಚೆ ಅದು ಎಂದು ಈಗ ಅನ್ನಿಸುತ್ತದೆ.

ಅರ್ಥ ಸಿಕ್ಕಿದ್ದು ಅದೇ ಕುಮಟಾ ತಾಲೂಕಿನ ಇನ್ನೊಂದು ಮೂಲೆಯಲ್ಲಿ, ಗೋಕರ್ಣದಲ್ಲಿ. ಆತ್ಮಲಿಂಗದ ಹತ್ತಿರ ಅಲ್ಲ, ಕುಡ್ಲೆ ಕಡಲತೀರಕ್ಕೆ ಇಳಿಯುವ ದಾರಿಯ ಹೋಂಸ್ಟೇ ಒಂದರ ಜಗಲಿಯಲ್ಲಿ. ಅದು ನನ್ನ ಹೆಂಡತಿಯ ಅಣ್ಣನದು. ಇಸ್ರೇಲಿನ ಹುಡುಗ ಹುಡುಗಿಯರು ಸೈನ್ಯದ ಕಡ್ಡಾಯ ಸೇವೆ ಮುಗಿಸಿ (ಹುಡುಗರಿಗೆ ಹತ್ತಿರ ಹತ್ತಿರ ಮೂರು ವರ್ಷ, ಹುಡುಗಿಯರಿಗೆ ಎರಡು) ಬಂದೂಕು ಇಳಿಸಿದವರೇ ಚೀಲ ಏರಿಸಿಕೊಂಡು ನಮ್ಮ ಕಡೆಗೆ ಬರುತ್ತಾರೆ. ಅವರ ದೆಸೆಯಿಂದ ಗೋಕರ್ಣದ ತಿಂಡಿಪಟ್ಟಿಗಳಿಗೆ ಹುಮ್ಮುಸ್, ಶಕ್ಷೂಕಾ ಬಂದಿವೆ, ಗೋಡೆಗಳಿಗೆ ಹೀಬ್ರೂ ಬಂದಿದೆ. ನನ್ನ ಭಾವ ಏಳನೇ ಇಯತ್ತೆಯಲ್ಲಿ ಕನ್ನಡಕ್ಕೆ ಫೇಲಾದವನು; ಈಗ ಬಲದಿಂದ ಎಡಕ್ಕೆ ಶಕ್ಷೂಕಾ ಅಂತ ಬರೆಯುತ್ತಾನೆ.

ಆ ದಿನ ನಾನು ಜಗಲಿಯಲ್ಲಿ ಕವಳ ಹಾಕಿಕೊಂಡು ಕೂತಿದ್ದೆ. ಒಂದು ಹುಡುಗಿ, ಒಬ್ಬ ಹುಡುಗ ನಡುವೆ ಪುಸ್ತಕ ಇಟ್ಟುಕೊಂಡು ಜಗಳ ಶುರುಮಾಡಿದರು. ಅವಳು ಮೇಜು ಗುದ್ದಿದಳು. ಅವನು ಎದ್ದು ನಿಂತು ಕೈ ಬೀಸಿದ. ಅವಳು ಅವನ ಮೂಗಿನ ಹತ್ತಿರ ಬೆರಳು ಒಯ್ದು ಏನೋ ಕೇಳಿದಳು; ಅವನು ಸೋತವನ ಹಾಗೆ ಕೂತ, ಮತ್ತೆ ಎದ್ದ. ಪಾಪ, ಪರದೇಶದ ಮಕ್ಕಳು, ಮದುವೆಗೂ ಮೊದಲೇ ಹೀಗಾದರೆ ಹೇಗೆ ಎಂದು ನನಗೆ ಸಂಕಟವಾಯಿತು. ಮೂವತ್ತನಾಲ್ಕು ವರ್ಷದ ಸಂಸಾರದ ಅನುಭವ ನನ್ನದು. ಒಳಗಿಂದ ಆಸರಿಗೆ ಬೆಲ್ಲ, ನೀರು ತಂದಿಟ್ಟು, ನನ್ನ ಕಚೇರಿ ಇಂಗ್ಲಿಷಿನಲ್ಲಿ, ಸಿಟ್ಟು ಒಳ್ಳೆಯದಲ್ಲ ಮಕ್ಕಳೇ ಎಂದೆ.

ಇಬ್ಬರೂ ನನ್ನನ್ನೇ ನೋಡಿದರು. ಆಮೇಲೆ ಬೆಲ್ಲ ತಿಂದರು. ಆಮೇಲೆ ನಕ್ಕರು. ಅವರು ಜಗಳ ಆಡುತ್ತಿರಲಿಲ್ಲವಂತೆ, ಓದುತ್ತಿದ್ದರಂತೆ.

ಅದರ ಹೆಸರು ಹೆವ್ರುತಾ. ಗೆಳೆತನ, ಜೊತೆ ಎಂಬುದು ಆ ಮಾತಿನ ಅರ್ಥ. ಯೆಹೂದಿಗಳು ತಮ್ಮ ಶಾಸ್ತ್ರಗ್ರಂಥವಾದ ತಲ್ಮೂದನ್ನು ಒಬ್ಬೊಬ್ಬರೇ ಮೂಲೆಯಲ್ಲಿ ಕೂತು ಓದುವುದಿಲ್ಲ, ಇಬ್ಬಿಬ್ಬರಾಗಿ ಕೂಗಿ ಓದುತ್ತಾರೆ. ಒಬ್ಬ ಹೇಳಿದ್ದನ್ನು ಇನ್ನೊಬ್ಬ ಒಪ್ಪಿಬಿಟ್ಟರೆ ಪಾಠ ಅಲ್ಲಿಗೇ ನಿಂತುಹೋಗುತ್ತದೆ. ಪುಟವೇ ಹಾಗಿದೆ ನೋಡಿ ಎಂದು ಹುಡುಗಿ ತೋರಿಸಿದಳು. ನಡುವೆ ಮೂಲ, ಒಂದು ಬದಿಗೆ ಹನ್ನೊಂದನೇ ಶತಮಾನದ ಫ್ರಾನ್ಸಿನ ರಾಶಿ ಎಂಬ ಪಂಡಿತನ ಟೀಕೆ, ಇನ್ನೊಂದು ಬದಿಗೆ ಅವನ ಮೊಮ್ಮಕ್ಕಳು, ಶಿಷ್ಯರು ಸೇರಿ ಅಜ್ಜನಿಗೇ ಹಾಕಿದ ಆಕ್ಷೇಪಣೆ. ಊಟದ ಎಲೆಯ ನಡುವೆ ಅನ್ನ, ಸುತ್ತ ವ್ಯಂಜನ ಇದ್ದ ಹಾಗೆ; ಇಲ್ಲಿ ವ್ಯಂಜನಗಳೇ ಪರಸ್ಪರ ಬೈದುಕೊಳ್ಳುತ್ತವೆ, ಅಷ್ಟೇ ವ್ಯತ್ಯಾಸ.

ನನಗೆ ಥಟ್ಟನೆ ನೆನಪಾದದ್ದು ತಾಳಮದ್ದಳೆ. ಗುಣವಂತೆಯ ಹತ್ತಿರ ಹುಟ್ಟಿದವನಿಗೆ ಇನ್ನೇನು ನೆನಪಾಗಬೇಕು? 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ ನೆಲ ಇದು. ಆಟಕ್ಕೆ ಬಣ್ಣ, ಗೆಜ್ಜೆ, ಕಿರೀಟ ಬೇಕು. ತಾಳಮದ್ದಳೆಗೆ ಬಾಯಿ ಸಾಕು. ಭಾಗವತರು ಒಂದು ಪದ ಹೇಳಿದರೆ ಅರ್ಥಧಾರಿಗಳು ಅದನ್ನು ಹಿಡಿದುಕೊಂಡು ಒಂದು ತಾಸು ಕಾದಾಡುತ್ತಾರೆ. ಮರದ ಮರೆಯಿಂದ ಏಕೆ ಹೊಡೆದೆ ಎಂದು ವಾಲಿ ಕೇಳಿದರೆ ರಾಮನಾದವನು ಉತ್ತರ ಹೇಳಿಯೇ ತೀರಬೇಕು, ದೇವರೆಂಬ ರಿಯಾಯಿತಿ ಇಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಕೂತ ದಿನ ರಾಮನ ಪಾಡು ಏನಾಗುತ್ತಿತ್ತೆಂದು ನಮ್ಮ ಕಡೆಯ ಹಿರಿಯರು ಇವತ್ತಿಗೂ ಹೇಳುತ್ತಾರೆ. ನಾನೂ ಒಮ್ಮೆ, ಒಂದು ಮಳೆಗಾಲದಲ್ಲಿ, ಊರ ಕೂಟದಲ್ಲಿ ರಾಮನ ಅರ್ಥ ಹೇಳಿದ್ದೆ. ವಾಲಿ ಆ ಪ್ರಶ್ನೆ ಕೇಳಿದಾಗ ಕಲಿತದ್ದೆಲ್ಲ ಮರೆತುಹೋಗಿ, “ಎದುರು ಬರಲಿಕ್ಕೆ ಹೆದರಿಕೆಯಾಯಿತು ಮಾರಾಯ” ಎಂದುಬಿಟ್ಟೆ. ಆಮೇಲೆ ನನ್ನನ್ನು ಯಾರೂ ಕರೆಯಲಿಲ್ಲ.

ಮನೆಗೆ ಬಂದವನೇ ಹೆಂಡತಿಗೆ ಘೋಷಿಸಿದೆ: ಇನ್ನು ನಾವಿಬ್ಬರೂ ಹೆವ್ರುತಾ.

“ಅಂದ್ರೆ?”

“ನಾನು ಒಂದು ಹೇಳುವುದು, ನೀನು ಅದಕ್ಕೆ ಎದುರು ಹೇಳುವುದು, ಇಬ್ಬರೂ ಸೇರಿ ದಿನಾ ಅರ್ಧ ತಾಸು ವಾದ ಮಾಡುವುದು.”

ಅವಳು ಸೌಟು ಕೆಳಗಿಟ್ಟು ನನ್ನನ್ನು ಕನಿಕರದಿಂದ ನೋಡಿದಳು. “ಅರ್ಧ ತಾಸಿಗೆ ಇಳಿಸ್ತಾ ಇದ್ದೀರಾ?” ಎಂದಳು.

ನಾನು ಹಿಂಜರಿಯಲಿಲ್ಲ. ಪೋಲೆಂಡಿನ ರಬ್ಬಿ ಮೇಯರ್ ಶಪಿರೋ 1923ರಲ್ಲಿ ಒಂದು ಕ್ರಮ ಹಾಕಿಕೊಟ್ಟರು: ಜಗತ್ತಿನ ಯೆಹೂದಿಗಳೆಲ್ಲ ದಿನಕ್ಕೆ ತಲ್ಮೂದಿನ ಒಂದೇ ಹಾಳೆ, ಅದೇ ಹಾಳೆ, ಓದುವುದು. ಒಟ್ಟು 2711 ಹಾಳೆ. ಮುಗಿಯಲು ಏಳೂವರೆ ವರ್ಷ. ಮುಗಿದ ಮರುದಿನ ಮತ್ತೆ ಮೊದಲಿಂದ. ಹಡಗಿನಲ್ಲಿ ಸಿಕ್ಕ ಅಪರಿಚಿತನ ಜೊತೆಗೂ ಇವತ್ತಿನ ಹಾಳೆಯ ಬಗ್ಗೆ ಜಗಳಕ್ಕೆ ಕೂರಬಹುದು, ಎಂಥ ಚಂದ! ನನಗೆ ಅರವತ್ತೆರಡು, ಅರವತ್ತೊಂಬತ್ತೂವರೆಗೆ ಪಂಡಿತ ಎಂದು ಲೆಕ್ಕ ಹಾಕಿದೆ. ಕರೆಂಟು ಬಿಲ್ಲಿನ ಹಿಂದಿನ ಬದಿಯನ್ನು ನೀವು ಇವತ್ತಿನವರೆಗೂ ಓದಿಲ್ಲ ಎಂದು ಅವಳು ನೆನಪಿಸಿದಳು.

ಹಾಳೆಗಿಂತ ಸುಲಭ ಎಂದು ನಾನು ಹಿಡಿದದ್ದು ಶಬ್ಬಾತ್, ವಾರದ ವಿಶ್ರಾಂತಿ. ಆ ದಿನ ಮಾಡಬಾರದ ಕೆಲಸ ಮೂವತ್ತೊಂಬತ್ತು. ಸಂಜೆ ಚಹಾ ಕುಡಿಯುತ್ತ ಗಂಭೀರವಾಗಿ ಓದಿ ಹೇಳಿದೆ: ಬಿತ್ತಬಾರದು, ಕೊಯ್ಯಬಾರದು, ತೂರಬಾರದು, ಆರಿಸಬಾರದು, ಬೀಸಬಾರದು, ಜರಡಿ ಹಿಡಿಯಬಾರದು, ಹಿಟ್ಟು ನಾದಬಾರದು, ಬೇಯಿಸಬಾರದು, ಹೊಲಿಯಬಾರದು, ಬೆಂಕಿ ಹೊತ್ತಿಸಬಾರದು, ಆರಿಸಲೂಬಾರದು…

“ಅಕ್ಕಿಯಲ್ಲಿ ಕಲ್ಲು ಆರಿಸೂದು?”

“ಬರುತ್ತದೆ. ‘ಆರಿಸುವುದು’ ಅಂದರೆ ಅದೇ.”

ಅವಳು ಬೆರಳು ಮಡಚಿ ಎಣಿಸಿದಳು. ಆಯಿಯೂ ಎಣಿಸಿದಳು. ಮೂವತ್ತೊಂಬತ್ತು ಮುಗಿದ ಮೇಲೆ ಹೆಂಡತಿ ತೀರ್ಪು ಕೊಟ್ಟಳು: “ಇದರಲ್ಲಿ ಒಂದನ್ನಾದರೂ ನೀವು ಮಾಡಿದ್ದು ನಾ ನೋಡಲಿಲ್ಲ. ಮದುವೆಯಾದ ದಿನದಿಂದ ಶಬ್ಬಾತಿನಲ್ಲೇ ಇದ್ದೀರಿ. ಇನ್ನು ಮಾಡೂದಿದ್ರೆ ನಾ ಮಾಡ್ತೆ. ಈ ಶನಿವಾರ ಒಲೆ ಇಲ್ಲ.”

ಆಯಿ, “ಅಡ್ಡಿಲ್ಲೆ, ಆ ಜನ ಹುಷಾರಿದ್ದೋ” ಎಂದಳು. ಸಾವಿರಾರು ವರ್ಷದ ಪರಂಪರೆಯೊಂದು ನಮ್ಮ ಅಡುಗೆಮನೆಯಲ್ಲಿ ನನ್ನ ವಿರುದ್ಧ ತಿರುಗಿಕೊಳ್ಳಲು ಐದು ನಿಮಿಷವೂ ಬೇಕಾಗಲಿಲ್ಲ.

ಮೊದಲ ಶುಕ್ರವಾರ ಏನೇನಾಯಿತೆಂದು ಪೂರ್ತಿ ಹೇಳಿದರೆ ನನ್ನ ಮರ್ಯಾದೆ ಉಳಿಯುವುದಿಲ್ಲ. ದೀಪವನ್ನು ಸೂರ್ಯ ಮುಳುಗಲು ಹದಿನೆಂಟು ನಿಮಿಷ ಇರುವಾಗ ಹಚ್ಚಬೇಕು. ಆಯಿ ಜನ್ಮಾರಭ್ಯ ಮುಚ್ಚಂಜೆಗೆ ಹಚ್ಚಿಕೊಂಡು ಬಂದವಳು, ಇವತ್ತೂ ತನ್ನ ಹೊತ್ತಿಗೇ ಹಚ್ಚಿದಳು. ದ್ರಾಕ್ಷಾರಸದ ಬದಲು ಮುರುಗಲ ಹಣ್ಣಿನ ಪಾನಕ. ಬಣ್ಣದಲ್ಲಿ ಒಂದಿಷ್ಟೂ ಮೋಸವಿಲ್ಲ. ಜಡೆ ಹೆಣೆದ ರೊಟ್ಟಿಯ ಬದಲು ಬಾಳೆಹಣ್ಣಿನ ಬನ್ಸಿನ ಹಿಟ್ಟನ್ನು ನಾನೇ ಜಡೆ ಹೆಣೆದೆ. ಎಣ್ಣೆಗೆ ಬಿದ್ದ ಕೂಡಲೇ ಜಡೆ ಬಿಚ್ಚಿಕೊಂಡು ಮೂರೂ ಎಳೆ ಮೂರು ದಿಕ್ಕಿಗೆ ಹೋದವು. ಪಂಪು ಚಾಲೂ ಮಾಡಿಡಲು ಮರೆತಿದ್ದೆ. ಶನಿವಾರ ಬೆಳಗ್ಗೆ ಟಾಕಿ ಖಾಲಿ. ಸ್ವಿಚ್ಚು ಒತ್ತುವುದು ಬೆಂಕಿ ಹೊತ್ತಿಸಿದ ಹಾಗೆ. ಆದ್ದರಿಂದ ನೀನು ಒತ್ತು ಎಂದೆ. “ನಿಮ್ಮ ಧರ್ಮಕ್ಕೆ ನನ್ನ ಬೆರಳಾ?” ಎಂದಳು. ಬಾವಿಯಿಂದ ಸೇದಿದೆ. ಸೇದುವುದೂ ನಿಷಿದ್ಧವೇನೋ ಎಂಬ ಅನುಮಾನ ಹದಿನಾರನೇ ಕೊಡಕ್ಕೆ ಬಂತು.

ಶನಿವಾರ ರಾತ್ರಿ ಶಬ್ಬಾತನ್ನು ಕಳಿಸಿಕೊಡುವಾಗ ಸುಗಂಧದ್ರವ್ಯ ಮೂಸಬೇಕು. ಹೋಗುವ ದಿನದ ದುಃಖ ಕಳೆಯಲಿಕ್ಕೆ. ಏಲಕ್ಕಿ, ಲವಂಗ ಆಗುತ್ತದೆ. ಗೇರುಸೊಪ್ಪೆ ಇರುವುದು ನಮ್ಮದೇ ತಾಲೂಕಿನಲ್ಲಿ, ಅಲ್ಲಿಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು, ಅಂಥ ಊರಿನವನು ಕಾಳುಮೆಣಸನ್ನು ಬಿಡುವುದುಂಟೇ ಎಂಬ ಅಭಿಮಾನದಲ್ಲಿ ಒಂದು ಹಿಡಿ ಜಜ್ಜಿ ಮೂಸಿದೆ. ಹನ್ನೊಂದು ಸೀನು. ದುಃಖ ಕಳೆಯಿತು, ಅದರಲ್ಲಿ ಸುಳ್ಳಿಲ್ಲ.

ಈ ಸಾಹಸವನ್ನೆಲ್ಲ ಗೋಕರ್ಣದ ಹುಡುಗಿಗೆ ಫೋನಿನಲ್ಲಿ ವರದಿ ಮಾಡಿದೆ. ಅವಳು ನಗು ತಡೆದುಕೊಂಡು, ತಾತಾ, ಇದು ನಿಮಗೆ ಬೇಡವೇ ಬೇಡ ಎಂದಳು. ಯೆಹೂದಿಗಳಿಗೆ 613 ಆಜ್ಞೆ. ಉಳಿದವರಿಗೆ ನೋಹನ ಕಾಲದ ಏಳೇ ಸಾಕು ಎಂದು ಅವರ ಶಾಸ್ತ್ರವೇ ಹೇಳುತ್ತದಂತೆ. ಅವರು ಯಾರನ್ನೂ ಮತಕ್ಕೆ ಕರೆಯುವವರೂ ಅಲ್ಲ. ಏಳು ಅಂದಾಗ ನನಗೆ ಸ್ವಲ್ಪ ಅವಮಾನವೇ ಆಯಿತು. ಸೊಸೈಟಿಯಲ್ಲಿ ಎಲ್ಲರಿಗೂ ಪೂರ್ತಿ ರೇಷನ್ನು ಕೊಟ್ಟು ನಮ್ಮ ಕಾರ್ಡಿಗೆ ಮಾತ್ರ ಕಡಿತ ಮಾಡಿದ ಹಾಗೆ. ಅದಕ್ಕೇ ಆಚರಣೆಯನ್ನು ಅವರಿಗೆ ಬಿಟ್ಟು (ಫೋನಿನ ಕಾನೂನು ಮಾತ್ರ ಹಟಕ್ಕೆ ಇಟ್ಟುಕೊಂಡೆ) ಜಗಳವನ್ನಷ್ಟೇ ಉಳಿಸಿಕೊಂಡೆ.

ಜಗಳ ನಿಜವಾಗಿ ಕುದುರಿದ್ದು ಮೊಟ್ಟೆಯಿಂದ. ತಲ್ಮೂದಿನ ಒಂದು ಭಾಗದ ಹೆಸರೇ ಬೇಯ್ಟ್ಸಾ, ಅಂದರೆ ಮೊಟ್ಟೆ. ಹಬ್ಬದ ದಿನ ಕೋಳಿ ಮೊಟ್ಟೆ ಇಟ್ಟರೆ ಅದನ್ನು ಅದೇ ದಿನ ತಿನ್ನಬಹುದೋ ಬಾರದೋ? ತಿನ್ನಬಹುದು ಎಂದು ಶಮ್ಮಾಯ್ ಮನೆತನದವರು, ಬಾರದು ಎಂದು ಹಿಲ್ಲೇಲ್ ಮನೆತನದವರು. ಇದನ್ನು ನಾನು ಜಗಲಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದೆ. ದೇವರ ಕೋಣೆಯಿಂದ ಆಯಿಯ ದನಿ ಬಂತು: “ಎಂತದಾ ತಮಾ ಅದು, ಎಂತಾ ಮೊಟ್ಟೆ?” ಎಂಬತ್ತೇಳು ವರ್ಷದಲ್ಲಿ ಆ ಮನೆಯಲ್ಲಿ ಆ ಶಬ್ದ ಕೇಳಿದ್ದು ಅದೇ ಮೊದಲಿರಬೇಕು.

ಮೊಟ್ಟೆಯನ್ನು ತಕ್ಷಣ ಹಾಲು ಮಾಡಿದೆ. ಗ್ರಹಣ ಹಿಡಿದ ಹೊತ್ತಿನಲ್ಲಿ ಕರೆದ ಹಾಲು ಆಗುತ್ತದೋ ಇಲ್ಲವೋ? ಆಯಿ ಒಂದು ಕ್ಷಣವೂ ಯೋಚಿಸದೆ, ಕರೆಯಲೇಬಾರದು, ಕರೆದರೆ ದನಕ್ಕೇ ಕುಡಿಸಬೇಕು ಎಂದಳು. ಪಾತ್ರೆ ತಿಕ್ಕುತ್ತಿದ್ದ ನನ್ನ ಹೆವ್ರುತಾ ತಲೆ ಎತ್ತದೆ ಕೇಳಿದಳು: “ಕರೆದದ್ದು ಗ್ರಹಣದಲ್ಲಿ ಸರಿ. ಹಾಲು ಕೆಚ್ಚಲಿಗೆ ಇಳಿದದ್ದು ಯಾವಾಗ? ಗ್ರಹಣ ಹಿಡಿಯುವ ಮೊದಲೇ ತುಂಬಿದ್ದಲ್ಲವಾ?”

ನಾನು ಕನ್ನಡಕ ಒರೆಸಿಕೊಂಡು ಪುಟ ಮುಂದೆ ತಿರುಗಿಸಿದೆ. ಬ್ಯಾಬಿಲೋನಿನಲ್ಲಿ ರಬ್ಬಾ ಎಂಬ ಮಹಾಪಂಡಿತ ಇದ್ದ, ಸಾವಿರದ ಏಳುನೂರು ವರ್ಷದ ಹಿಂದೆ. ಇವತ್ತು ಇಟ್ಟ ಮೊಟ್ಟೆ ಕೋಳಿಯ ಹೊಟ್ಟೆಯೊಳಗೆ ಪೂರ್ತಿಯಾದದ್ದು ನಿನ್ನೆಯೇ ಎಂಬುದು ಅವನ ವಾದ. ಅಲ್ಲಿಂದ ಅವನು ಹೋಗುವ ದಾರಿ ಬೇರೆ, ಆದರೆ ಹೊರಟ ಜಾಗ ನಮ್ಮ ಬಚ್ಚಲ ಕಟ್ಟೆಯೇ. ನನಗೆ ಮೈ ಜುಮ್ಮೆಂದಿತು. ಓಡಿಹೋಗಿ ಅವಳಿಗೆ ಹೇಳಿದೆ, ನೀನಂದದ್ದನ್ನೇ ರಬ್ಬಾ ಹೇಳಿದ್ದಾನೆ!

“ಅವನ ಹೆಂಡತಿ ಹೇಳಿರ್ತಾಳೆ,” ಎಂದು ಅವಳು ಪಾತ್ರೆ ಕವುಚಿ ಹಾಕಿದಳು.

ಆಮೇಲಿನ ತಿಂಗಳುಗಳಲ್ಲಿ ಓದು ಎಲ್ಲಿ, ಸಂಸಾರ ಎಲ್ಲಿ ಎಂದು ಗೆರೆ ಎಳೆಯುವುದು ಕಷ್ಟವಾಯಿತು. ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ ಎಂಬ ಅವರ ನಿಯಮ ಓದಿದರೆ ನಮ್ಮಲ್ಲಿ ಮುಸುರೆಯ ಪ್ರಶ್ನೆ ಏಳುತ್ತಿತ್ತು: ಅನ್ನದ ಸೌಟು ಮೊಸರಿನ ಪಾತ್ರೆಗೆ ತಾಗಿದರೆ ಏನಾಗುತ್ತದೆ, ತಾಗಿಸಿದವನು ಏನಾಗುತ್ತಾನೆ? ಎರಡನೆಯದಕ್ಕೆ ಉತ್ತರ ನನಗೆ ಗೊತ್ತಿತ್ತು. ಅಟ್ಟ ಗುಡಿಸುವ ದಿನ ಬಂದಾಗ ಆಯಿಯ ಗಂಟು ಹೊರಬಂತು: ಐವತ್ತು ವರ್ಷದ ಮದುವೆ ಕಾಗದಗಳು. ಮೇಲೆ ಗಣಪತಿ ಅಚ್ಚಾದ ಕಾಗದವನ್ನು ಎಸೆಯಬಾರದು, ತುಳಿಯಬಾರದು, ಹಂಡೆ ಒಲೆಗೆ ಹಾಕಬಾರದು. ಸುಟ್ಟುಬಿಡೋಣ ಎಂದು ಹೆಂಡತಿ. ನಾನು ಅಡ್ಡ ನಿಂತೆ. ಇದು ಅಟ್ಟವಲ್ಲ, ಗೆನಿಜಾ!

ಯೆಹೂದಿಗಳೂ ದೇವರ ಹೆಸರಿರುವ ಕಾಗದ ಎಸೆಯುವುದಿಲ್ಲ. ಹಳೆ ಕೈರೋದ ಬೆನ್ ಎಜ್ರಾ ಮಂದಿರದ ಒಂದು ಕೋಣೆಯಲ್ಲಿ ಹಾಗೆ ನೂರಾರು ವರ್ಷ ತುಂಬಿದ ಕಾಗದಗಳನ್ನು ಸೊಲೊಮನ್ ಶೆಕ್ಟರ್ ಎಂಬ ವಿದ್ವಾಂಸ 1896ರ ಕೊನೆಗೆ ಹೋಗಿ ನೋಡಿ ಕೇಂಬ್ರಿಜ್ಜಿಗೆ ಸಾಗಿಸಿದ. ಅದರಲ್ಲಿ ನಮ್ಮ ಕರಾವಳಿ ಇತ್ತು. ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ 1132ರ ಹೊತ್ತಿಗೆ ಮಂಗಳೂರಿಗೆ ಬಂದು ಹದಿನೇಳು ವರ್ಷದ ಹತ್ತಿರ ಈ ಕಡೆ ಇದ್ದ. ಕಂಚಿನ ಕಾರ್ಖಾನೆ ನಡೆಸಿದ. ಮೆಣಸು, ಕಬ್ಬಿಣ, ಏಲಕ್ಕಿಯ ಜೊತೆ ಏಡನ್ನಿಗೆ ಅಡಕೆಯನ್ನೂ ಕಳಿಸಿದ. (ಹೆಂಡತಿಗೆ ಇದನ್ನು ಹೇಳಿದಾಗ, “ಆಗ ಧಾರಣೆ ಎಷ್ಟಿತ್ತಂತೆ?” ಎಂದಳು. ಶಬ್ಬಾತಿನಲ್ಲಿ ನಾನು ಫೋನು ಮುಟ್ಟಿದ್ದನ್ನು ಅವಳು ಮರೆತಿಲ್ಲ.) ಏಡನ್ನಿನ ಗೆಳೆಯರು ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಶಾಸ್ತ್ರೋಕ್ತವಾಗಿ ಮಾಡಿದ ಗಿಣ್ಣು, ಮುಖ್ಯವಾಗಿ ಕಾಗದ ಕಳಿಸುತ್ತಿದ್ದರು. ಆ ಕಾಗದದ ಪತ್ರಗಳಲ್ಲೇ ಮೂಲೆ ಮೂಲೆಗೆ ಅವನು ಲೆಕ್ಕ ಬರೆದ, ಪದ್ಯ ಕಟ್ಟಿದ, ಶಾಸ್ತ್ರದ ಪ್ರಶ್ನೆಗಳನ್ನು ಬಿಡಿಸಿದ. ಅವನ ಆಳಿನ ಹೆಸರು ಬೊಮ್ಮ. ಏಡನ್ನಿನಿಂದ ಬರುವ ಪತ್ರಗಳಲ್ಲಿ ಬೊಮ್ಮನಿಗೂ ನಮಸ್ಕಾರ ಇರುತ್ತಿತ್ತು. ಅಮಿತಾವ್ ಘೋಷ್ 1992ರಲ್ಲಿ ‘ಇನ್ ಆನ್ ಆಂಟಿಕ್ ಲ್ಯಾಂಡ್’ ಬರೆದದ್ದು ಈ ಬೊಮ್ಮನ ಜಾಡು ಹಿಡಿದೇ. ಮಂಗಳೂರಿನ ಮಳೆಗಾಲದಲ್ಲಿ ವಾದಕ್ಕೆ ಸಿಗುವ ಇನ್ನೊಬ್ಬ ಪಂಡಿತನಿಲ್ಲದೆ ಬೆನ್ ಯಿಜು ಏನು ಮಾಡುತ್ತಿದ್ದನೋ ಎಂದು ನನಗೆ ಆಗಾಗ ಅನ್ನಿಸುತ್ತದೆ. ಬೊಮ್ಮನ ಜೊತೆ ವಾದಿಸಿರುತ್ತಾನೆ. ಬೊಮ್ಮ ಗೆದ್ದಿರುತ್ತಾನೆ.

ಗಂಟು ಅಟ್ಟಕ್ಕೆ ವಾಪಸು ಹೋಯಿತು. ಹೊತ್ತು ಏರಿಸಿದವನು ನಾನು.

ಭಟ್ಕಳದಲ್ಲಿ ನನಗೊಬ್ಬ ಹಳೇ ಸಹಪಾಠಿ ಇದ್ದಾನೆ, ನವಾಯತ, ಬಟ್ಟೆ ವ್ಯಾಪಾರಿ. ಈ ಕಡೆ ಬಂದರೆ ನಮ್ಮನೆಗೆ ಭಟ್ಕಳ ಮಲ್ಲಿಗೆಯ ಅಟ್ಟೆ ತಪ್ಪದೆ ತರುತ್ತಾನೆ. ಹೆಂಡತಿಗೆ ಓದು ಕಲಿಸುತ್ತಿದ್ದೇನೆ ಎಂದು ಅವನ ಮುಂದೆ ಜಂಬ ಕೊಚ್ಚಿದೆ. ಅವನು ಚಹಾ ಆರಿಸಿಕೊಳ್ಳುತ್ತ, ನಿಮ್ಮ ಹೊನ್ನಾವರದಲ್ಲಿ ಅದು ಹೊಸತಲ್ಲವಲ್ಲ ಎಂದ. ಇಬ್ನ್ ಬತೂತಾ 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದಾಗ ಊರಲ್ಲಿ ಹೆಣ್ಣುಮಕ್ಕಳಿಗೆ ಹದಿಮೂರು ಶಾಲೆ, ಗಂಡುಮಕ್ಕಳಿಗೆ ಇಪ್ಪತ್ಮೂರು ಶಾಲೆ ಕಂಡನಂತೆ; ಇಲ್ಲಿನ ಹೆಂಗಸರಿಗೆ ಕುರಾನು ಬಾಯಿಪಾಠ ಎಂದೂ ಬರೆದನಂತೆ. ಅರ್ಧ ಜಗತ್ತು ಸುತ್ತಿದವನು ಬೇರೆಲ್ಲೂ ಇಂಥದ್ದು ನೋಡಿಲ್ಲ ಎಂದು ಬೆರಗಾದದ್ದು ನಮ್ಮೂರಲ್ಲಿ. ಬಾಗಿಲ ಸಂದಿಯಲ್ಲಿ ಮಲ್ಲಿಗೆ ಮುಡಿಯುತ್ತಿದ್ದ ನನ್ನವಳು ಕೇಳಿಸಿಕೊಂಡಳು. “ಇಪ್ಪತ್ಮೂರಿದ್ದೂ ನಿಮಗೆ ಒಂದರಲ್ಲೂ ಸೀಟು ಸಿಗಲಿಲ್ಲವಾ?” ಎಂದಳು. ಅವನು ಬಿದ್ದು ಬಿದ್ದು ನಕ್ಕ. ಗೆಳೆತನಕ್ಕೂ ಒಂದು ಮಿತಿ ಬೇಕು.

ಆಷಾಢದಲ್ಲಿ ಮಗಳ ಬಾಣಂತನಕ್ಕೆಂದು ಹೆಂಡತಿ ಬೆಂಗಳೂರಿಗೆ ಹೋದಳು. ಜೊತೆಗಿರಲಿ ಎಂದು ಭಾವ ಗೋಕರ್ಣದಿಂದ ಬಂದ. ಮಳೆಗಾಲದಲ್ಲಿ ಅಲ್ಲಿ ಶಕ್ಷೂಕಾ ಕೇಳುವವರಿಲ್ಲ. ನಾನು ಪುಟ ಬಿಚ್ಚಿದೆ. ಭಾವ ಹೊಟ್ಟೆ ಸವರಿಕೊಂಡು ಕೇಳಿದ. ನಾನು ಏನು ಹೇಳಿದರೂ, “ಸರಿ ಭಾವಾ, ಬರಾಬರ್” ಎಂದ. ಬೇಕೆಂದೇ ತಪ್ಪು ಹೇಳಿದೆ. ಅದೂ ಬರಾಬರ್.

ಅವತ್ತಿನ ಓದಿನಲ್ಲಿ ಸಿಕ್ಕವರು ರಬ್ಬಿ ಯೋಹಾನಾನ್ ಮತ್ತು ರೇಶ್ ಲಕೀಶ್. ರೇಶ್ ಲಕೀಶ್ ಮೊದಲು ದರೋಡೆಕೋರ. ಯೋಹಾನಾನನೇ ಅವನನ್ನು ಓದಿಗೆ ಎಳೆದು ತಂಗಿಯನ್ನು ಕೊಟ್ಟು ಮದುವೆ ಮಾಡಿದ. ಇಬ್ಬರೂ ಹೆವ್ರುತಾ ಆದರು, ನಮ್ಮ ಹಾಗೆ ಭಾವ–ಭಾವ. ಒಂದು ದಿನ ಕತ್ತಿ, ಚೂರಿಗಳಿಗೆ ಮೈಲಿಗೆ ತಾಗುವುದು ಅವು ತಯಾರಾಗುವ ಯಾವ ಹಂತದಿಂದ ಎಂಬ ವಾದ ಬಂತು. ವಾದದ ಭರದಲ್ಲಿ ಯೋಹಾನಾನ್, ಕಳ್ಳನಿಗೆ ಕಳ್ಳನ ಹತಾರ ಗೊತ್ತಿರುತ್ತದೆ ಎಂದುಬಿಟ್ಟ. ಆ ಮಾತು ನೆಟ್ಟಿತು. ಮನಸ್ಸು ಮುರಿಯಿತು, ರೇಶ್ ಲಕೀಶ್ ಕಾಯಿಲೆ ಬಿದ್ದು ಸತ್ತ. ಯೋಹಾನಾನನ ದುಃಖ ನೋಡಲಾರದೆ ಉಳಿದವರು ಒಬ್ಬ ಒಳ್ಳೆಯ ಪಂಡಿತನನ್ನು ಜೊತೆಗೆ ಕೂರಿಸಿದರು. ಅವನು, ಯೋಹಾನಾನ್ ಏನಂದರೂ, ನೀವು ಹೇಳಿದ್ದಕ್ಕೆ ಇಗೋ ಆಧಾರ ಎಂದು ಒಪ್ಪುತ್ತ ಹೋದ. ಯೋಹಾನಾನ್ ಕೂಗಾಡಿದ: ನನ್ನ ಮಾತು ಸರಿ ಎಂದು ನನಗೆ ಗೊತ್ತಿಲ್ಲವೇ? ನಾನು ಒಂದು ಹೇಳಿದರೆ ರೇಶ್ ಲಕೀಶ್ ಇಪ್ಪತ್ನಾಲ್ಕು ಆಕ್ಷೇಪಣೆ ಹಾಕುತ್ತಿದ್ದ, ನಾನು ಇಪ್ಪತ್ನಾಲ್ಕು ಉತ್ತರ ಕೊಡುತ್ತಿದ್ದೆ. ಅವನೆಲ್ಲಿ ಎಂದು ಬಟ್ಟೆ ಹರಿದುಕೊಂಡು ಅತ್ತ.

ಓದಿ ಮುಗಿಸಿದಾಗ ನನ್ನ ಗಂಟಲು ಕಟ್ಟಿತ್ತು. “ಪಾಪ,” ಎಂದ ಭಾವ. “ಹೌದು, ಬರಾಬರ್.”

ಮರುದಿನ ಶನಿವಾರ. ಮೂರು ನಕ್ಷತ್ರ ಕಂಡ ಮೇಲೆ ಶಬ್ಬಾತು ಮುಗಿಯಿತೆಂದು ಲೆಕ್ಕ, ಅಲ್ಲಿಯವರೆಗೆ ಫೋನು ಮುಟ್ಟುವಂತಿಲ್ಲ. ಹೊನ್ನಾವರದಲ್ಲಿ ಆಷಾಢದಲ್ಲಿ ನಕ್ಷತ್ರ! ಕೊಡೆ ಹಿಡಿದು ಅಂಗಳದಲ್ಲಿ ನಿಂತೆ. ಮೇಲೆ ಸಗಣಿ ಸಾರಿಸಿದ ಹಾಗೆ ಒಂದೇ ಮೋಡ. ಹೀಗೇ ಆದರೆ ಈ ಶಬ್ಬಾತು ಗಣೇಶ ಚೌತಿಗೂ ಮುಗಿಯುವುದಿಲ್ಲ. ಒಳಗೆ ಫೋನು ಬಡಿದುಕೊಂಡಿತು. ನಿಂತಿತು. ಮತ್ತೆ ಬಡಿದುಕೊಂಡಿತು. ನಾಲ್ಕನೇ ಸಲಕ್ಕೆ ಆಯಿಯ ತಾಳ್ಮೆ ಹೋಯಿತು. ಯಾವ ಗುಂಡಿ ಒತ್ತಬೇಕೆಂದು ಅವಳಿಗೆ ಗೊತ್ತಿಲ್ಲ ಎಂದು ತಿಳಿದಿದ್ದೆ, ಗೊತ್ತಿತ್ತು. ಒತ್ತಿ, ಸ್ಪೀಕರಿಗೂ ಹಾಕಿ, ಜಗಲಿಯ ತುದಿಗೆ ಹಿಡಿದುಕೊಂಡು ನಿಂತಳು.

“ಮಳೆಯಲ್ಲಿ ಎಂತ ಮಾಡ್ತಾ ಇದ್ದೀರಿ?”

ಹೇಳಿದೆ.

“ನಕ್ಷತ್ರ ಕಾಣದಿದ್ರೆ ರಾತ್ರಿ ಆಗೂದಿಲ್ಲವಾ? ಕಾಗೆ ಗೂಡಿಗೆ ಹೋದವಾ ನೋಡಿ. ಹೋಗಿದ್ರೆ ಆಯ್ತು.”

ಮೋಡ ಮುಚ್ಚಿದ ದಿನ ಶಬ್ಬಾತಿನ ಹೊತ್ತು ತಿಳಿಯುವುದು ಹೇಗೆ ಎಂದು ತಲ್ಮೂದಿನಲ್ಲೂ ಕೇಳಿದ್ದಾರೆ. ಊರಲ್ಲಿದ್ದರೆ ಕೋಳಿಯನ್ನು ನೋಡು, ಬಯಲಲ್ಲಿದ್ದರೆ ಕಾಗೆಗಳನ್ನು ನೋಡು ಎಂದಿದೆ. ನಾನು ಅದನ್ನು ಓದಿದ್ದೆ, ಅವಳಿಗೆ ಓದಿ ಹೇಳಿರಲಿಲ್ಲ. ಈ ಸಲವೂ ಹೇಳಬಾರದು ಎಂದುಕೊಂಡು ಸುಮ್ಮನೆ ಕೊಟ್ಟಿಗೆಯ ಕಡೆ ನೋಡಿದೆ. ಮಾಡಿನ ತುದಿಯಲ್ಲಿ ಒಂದು ಕಾಗೆ ತೊಯ್ದು ತೊಪ್ಪೆಯಾಗಿ ಕೂತು ನನ್ನನ್ನೇ ನೋಡುತ್ತಿತ್ತು.

“ಎಲ್ಲ ಹೋಗಿವೆ, ಒಂದು ಮಾತ್ರ ಇನ್ನೂ ಹೋಗಲಿಲ್ಲ,” ಎಂದೆ.

“ಗಂಡಿರಬೇಕು,” ಎಂದಳು.